ಹೊಲಿಗೆಯಿಲ್ಲದ ಮೇಲಂಗಿ

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಅವಳ ಮೈಮೇಲೆ ಅಪ್ಪನ ಅಂಗಿ ಇತ್ತು. ಗುಂಡಿ ಹಾಕಿರಲಿಲ್ಲ. ಅದರ ಮೇಲೆ ಸೀರೆಯ ಸೆರಗನ್ನು ಎರಡೂ ಭುಜ ಮುಚ್ಚುವಂತೆ ಎಳೆದು ಹೊದಿಸಿದ್ದರು. ಕಾರಿನಿಂದ ಇಳಿಯುವಾಗ ಅವಳು ಎಡಗೈಯಿಂದ ಸೆರಗನ್ನು ಕುತ್ತಿಗೆಯ ಹತ್ತಿರ ಹಿಡಿದುಕೊಂಡಿದ್ದಳು. ಬಲಗೈ ಪಕ್ಕದಲ್ಲಿ ತೂಗಾಡುತ್ತಿತ್ತು. ಮೊಣಕೈಯಿಂದ ಮೇಲಕ್ಕೆ ಊದಿಕೊಂಡು, ಚರ್ಮ ಹೊಳೆಯುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಜಯನಗರದ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ನಮ್ಮ ರಸ್ತೆಯಲ್ಲಿ ಆಗ ಆರೇ ಮನೆಗಳು, ಉಳಿದವು ಖಾಲಿ ಸೈಟುಗಳು. ಆದ್ದರಿಂದ ಅಮ್ಮ ಇಳಿದು ಒಳಗೆ ಹೋದದ್ದನ್ನು ನೋಡಿದವರು ಹೆಚ್ಚು ಜನ ಇರಲಿಲ್ಲ. ನಾನು ನೋಡಿದೆ, ಬಾಗಿಲಲ್ಲಿ ನಿಂತಿದ್ದ ಅಜ್ಜಿ ನೋಡಿದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ಕಂಡಿತೋ ಗೊತ್ತಿಲ್ಲ.

ಆಪರೇಷನ್ನಿನಲ್ಲಿ ಅಮ್ಮನ ಬಲಗಡೆಯ ಎದೆಯನ್ನು ತೆಗೆದಿದ್ದರು. ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. 'ಗಂಟು ತೆಗೆದರು' ಎಂದು ಅಪ್ಪ ಬಂದವರಿಗೆ ಹೇಳುತ್ತಿದ್ದರು. ನಾನು ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ನಡೆದದ್ದು ಏನೆಂದು ನನಗೆ ತಿಳಿದದ್ದು ಅಮ್ಮನ ಗಾಯಕ್ಕೆ ಪುಡಿ ಹಾಕಲು ನರ್ಸು ನನಗೆ ತೋರಿಸಿಕೊಟ್ಟಾಗ. ನೋಡಿದೆ. ಏನೂ ಅನಿಸಲಿಲ್ಲ. ಎಷ್ಟು ಹೊಲಿಗೆ ಎಂದು ಎಣಿಸಿದೆ, ಇಪ್ಪತ್ತಮೂರು.

ಗಾಯ ಆರಿತು. ಕೈ ಭುಜದ ಮಟ್ಟಕ್ಕೆ ಏಳಲೇ ಇಲ್ಲ. ಅವಳ ರವಿಕೆಗಳಲ್ಲಿ ಒಂದೂ ಆ ತೋಳಿಗೆ ಏರುತ್ತಿರಲಿಲ್ಲ. ಏರಿದರೂ ಮುಂದಿನ ಹುಕ್ಕುಗಳನ್ನು ಹಾಕಿದರೆ ಒಂದು ಕಡೆ ಬಟ್ಟೆ ಖಾಲಿಯಾಗಿ ಸುಕ್ಕುಗಟ್ಟುತ್ತಿತ್ತು. ದರ್ಜಿಯ ಹತ್ತಿರ ಅಳತೆ ಕೊಡಲು ಅವಳು ಒಪ್ಪಲಿಲ್ಲ. ಅಪ್ಪನ ಅಂಗಿ ಹಾಕಿಕೊಂಡು ನಡುಮನೆಯ ಪಕ್ಕದ ಕೋಣೆಯಲ್ಲೇ ಇರುತ್ತಿದ್ದಳು. ಹನುಮಂತನಗರದಿಂದ ಒಬ್ಬ ಅಡುಗೆಯಾಕೆ ನಡೆದುಕೊಂಡು ಬಂದು ಎರಡು ಹೊತ್ತಿನ ಅಡುಗೆ ಮಾಡಿಹೋಗುತ್ತಿದ್ದಳು. ಒಳ್ಳೆಯ ಹೆಂಗಸು. ಪಾತ್ರೆಗಳನ್ನು ಮಾತ್ರ ಬೇರೆ ಬೇರೆ ಕಡೆ ಇಡುತ್ತಿದ್ದಳು. ಆ ಸದ್ದಿಗೆ ಅಮ್ಮ ಕೋಣೆಯಲ್ಲಿ ಮಲಗಿದ್ದವಳು ತಲೆ ತಿರುಗಿಸುವುದನ್ನು ನಾನು ನೋಡಿದ್ದೇನೆ. ಮಾತು ಬಹಳ ಕಡಿಮೆಯಾಗಿತ್ತು. ನೀರು ಬೇಕಾ ಎಂದರೆ ಹೂಂ, ಬೇಡವಾ ಎಂದರೂ ಹೂಂ.

ಕಾರ್ತಿಕ ಮಾಸದ ಒಂದು ಸಂಜೆ ಅಪ್ಪ ಅಜ್ಜಿಯ ಜೊತೆ ಮಾತಾಡುತ್ತಿದ್ದರು. ಮಾರ್ಗಶಿರದಲ್ಲಿ ನಮ್ಮ ತಾತನ ತಿಥಿ. ಪ್ರತಿ ವರ್ಷ ತಿಥಿಯ ಅಡುಗೆ ಮಾಡುತ್ತಿದ್ದವಳು, ಬ್ರಾಹ್ಮಣರಿಗೆ ಬಡಿಸುತ್ತಿದ್ದವಳು ಅಮ್ಮ.

"ಈ ಸಲ ತಿಥಿಗೂ ಆಕೆಗೇ ಹೇಳ್ಬಿಡೋಣ ಅಂತಿದೀನಿ. ಒಪ್ಕೊಂಡ್ರೆ ದಿನಾಲೂ ಖಾಯಂ ಮಾಡ್ಕೊಂಡ್ಬಿಡೋಣ" ಎಂದರು ಅಪ್ಪ.

"ಹಾಗೇ ಮಾಡು. ನನ್ನ ಕಣ್ಣಂತೂ ಹೀಗಾಯ್ತು" ಎಂದಳು ಅಜ್ಜಿ.

ಕೋಣೆಯಿಂದ ಅಮ್ಮನ ಧ್ವನಿ ಬಂತು. ಬಹಳ ದಿನಗಳ ನಂತರ ಕೇಳಿದ ಪೂರ್ತಿ ವಾಕ್ಯ.

"ತಿಥಿ ಅಡುಗೆ ನಾನೇ ಮಾಡ್ತೀನಿ."

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ಅಜ್ಜಿ ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ, ಅಕ್ಕಿ ಎಷ್ಟು ಹಾಕಲಿ ಎಂದು ಕೇಳುವ ಧ್ವನಿಯಲ್ಲೇ ಕೇಳಿದಳು.

"ಮೈಮೇಲೆ ಏನು ಹಾಕ್ಕೊಂಡು ಮಾಡ್ತೀಯಮ್ಮ?"

ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಮಡಿ ಅಡುಗೆಗೆ ಹೊಲಿದ ಬಟ್ಟೆ ಆಗುತ್ತಿರಲಿಲ್ಲ. ಒಗೆದು, ಯಾರೂ ಮುಟ್ಟದ ಹಾಗೆ ಎತ್ತರದ ಗಳದ ಮೇಲೆ ಒಣಗಿಸಿದ ಸೀರೆ ಉಡಬೇಕು, ರವಿಕೆ ಕೂಡದು. ಅಮ್ಮ ಅಷ್ಟು ವರ್ಷವೂ ಹಾಗೆಯೇ, ಸೆರಗನ್ನು ಮೈತುಂಬ ಬಿಗಿಯಾಗಿ ಸುತ್ತಿಕೊಂಡು, ತಿಥಿಯ ಅಡುಗೆ ಮಾಡಿದ್ದಳು. ಅದು ಯಾರ ಗಮನಕ್ಕೂ ಬರುವ ಸಂಗತಿಯಾಗಿರಲಿಲ್ಲ. ಈಗ ಬಿಗಿಯಾಗಿ ಸುತ್ತಿದರೆ ತೆಗೆದ ಜಾಗ ಕಾಣುತ್ತಿತ್ತು. ಅಪ್ಪನ ಅಂಗಿ ಹೊಲಿದದ್ದು. ಅಡುಗೆಮನೆ ಅವಳಿಗೆ ಮತ್ತೆ ಸಿಗುತ್ತದೋ, ಆ ಹನುಮಂತನಗರದಾಕೆಗೆ ಖಾಯಂ ಆಗುತ್ತದೋ ಎನ್ನುವುದು ಈ ಒಂದು ಬಟ್ಟೆಯ ಮೇಲೆ ನಿಂತಿತ್ತು.

ಅಮ್ಮ ಅಜ್ಜಿಯ ಪ್ರಶ್ನೆ ಕೇಳಿ ಗೋಡೆ ಕಡೆಗೆ ತಿರುಗಿಕೊಂಡಳು.

ಮಾರನೆಯ ದಿನ ನಾನು ಅಜ್ಜಿಯನ್ನು ಕೇಳಿದೆ: "ಅಜ್ಜಿ, ಉಲ್ಲನ್ ಮಡಿಗೆ ಆಗತ್ತಾ?"

"ಉಣ್ಣೆಗೆ ಎಲ್ಲಿದೆ ಮೈಲಿಗೆ? ಧಾಬಳಿ ಉಟ್ಕೊಳ್ಳಲ್ವಾ ನಾನು? ಯಾಕೆ?"

"ಸುಮ್ನೆ ಕೇಳ್ದೆ."

ನನಗೆ ಉಲ್ಲನ್ ಹೆಣೆಯಲು ಬರುತ್ತಿತ್ತು ಎಂದರೆ ಅದು ಪೂರ್ತಿ ನಿಜವಲ್ಲ. ನೇರವಾಗಿ ಹೆಣೆಯಲು ಮಾತ್ರ ಬರುತ್ತಿತ್ತು. ಸಾಲಿನ ಕೊನೆಗೆ ಹೋಗುವುದು, ಕಡ್ಡಿ ತಿರುಗಿಸುವುದು, ವಾಪಸು ಬರುವುದು. ಕಂಕುಳಿಗೆ, ಕತ್ತಿಗೆ ಕುಣಿಕೆ ಇಳಿಸಿ ಅಗಲ ಕಡಿಮೆ ಮಾಡುವುದನ್ನು ಕಲಿತಿರಲಿಲ್ಲ. ಎದುರು ಮನೆಯ ಅಕ್ಕನಿಂದ ಮಫ್ಲರ್ ಹಾಕುವುದನ್ನು ಕಲಿತವಳು ಅಲ್ಲಿಗೇ ಬಿಟ್ಟಿದ್ದೆ. ಆದ್ದರಿಂದ ಮಾಡಿದರೆ ಮಫ್ಲರಿನಂಥ ಉದ್ದನೆಯ ತುಂಡುಗಳಿಂದಲೇ ಮಾಡಬೇಕು. ನೋಟ್‌ಬುಕ್ಕಿನ ಹಾಳೆ ಹರಿದು ಮೂರು ಆಯತಗಳನ್ನು ಮಾಡಿಕೊಂಡೆ. ಒಂದು ಬೆನ್ನಿಗೆ, ಎರಡು ಮುಂದಕ್ಕೆ. ಮೂರೂ ಒಂದೇ ಅಳತೆ. ಬೆನ್ನಿನಷ್ಟೇ ಅಗಲದ ತುಂಡು ಮುಂದಿನ ಎರಡೂ ಕಡೆಗೆ ಇದ್ದರೆ ಅರ್ಧ ಹೆಚ್ಚಾಗುತ್ತದೆ. ಆ ಹೆಚ್ಚಾದ ಅರ್ಧ ಭುಜದಿಂದ ಸಡಿಲವಾಗಿ ಇಳಿಬಿದ್ದು ನೆರಿಗೆಯಾಗುತ್ತದೆ. ನೆರಿಗೆಯ ಕೆಳಗೆ ಏನಿದೆ, ಏನಿಲ್ಲ ಎನ್ನುವುದು ಕಾಣುವುದಿಲ್ಲ. ಕಾಗದದ ತುಂಡುಗಳನ್ನು ನನ್ನ ಎದೆಯ ಮೇಲೆ ಇಟ್ಟುಕೊಂಡು ಕನ್ನಡಿಯಲ್ಲಿ ನೋಡಿದೆ. ಕಾಗದ ಇಳಿಬೀಳಲಿಲ್ಲ. ಆದರೂ ಗೊತ್ತಾಯಿತು.

ಎದುರು ಮನೆಯ ಅಕ್ಕ ನನ್ನ ಕಾಗದ ನೋಡಿ ನಕ್ಕಳು. "ಅಯ್ಯೋ, ಇದೇನೇ ಇದು, ದಿಂಬಿನ ಚೀಲಾನಾ? ಕಂಕುಳು ಇಳಿಸೋದು ಒಂದು ಗಂಟೆ ಕೆಲಸ ಕಣೇ, ಬಾ ಹೇಳ್ಕೊಡ್ತೀನಿ."

"ಬೇಡ ಅಕ್ಕ. ಕಂಕುಳೇ ಬೇಡ ಇದಕ್ಕೆ."

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ದಪ್ಪನೆಯ ಒಂದು ಜೊತೆ ಕಡ್ಡಿ ತಂದುಕೊಟ್ಟಳು. "ಸಣ್ಣ ಕಡ್ಡೀಲಿ ಹಾಕಿದ್ರೆ ರಟ್ಟಿನ ಥರ ನಿಂತ್ಕೊಳತ್ತೆ. ಇದ್ರಲ್ಲಿ ಹಾಕು, ಬೀಳತ್ತೆ" ಎಂದಳು. ಅದು ಸರಿಯಾದ ಮಾತು. ಸಣ್ಣ ಕಡ್ಡಿಯಲ್ಲಿ ಹಾಕಿದ ಮಾದರಿಯನ್ನು ನಾನು ಮಡಚಿದರೆ ಅದು ಮಡಚಿದ ಹಾಗೇ ನಿಲ್ಲುತ್ತಿತ್ತು. ದಪ್ಪ ಕಡ್ಡಿಯದು ಕೈಯಿಂದ ಜಾರುತ್ತಿತ್ತು.

ಉಲ್ಲನ್ ಗಾಂಧಿ ಬಜಾರಿನಿಂದ ತಂದೆ. ಅಂಗಡಿಯಲ್ಲಿ ಪ್ರತಿಯೊಂದು ಉಂಡೆಯನ್ನೂ ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿ ನೋಡಿದೆ. ಗಾಯದ ಮೇಲಿನ ಹೊಸ ಚರ್ಮಕ್ಕೆ ಅಜ್ಜಿಯ ಧಾಬಳಿಯಂಥ ಒರಟು ತಡೆಯುವುದಿಲ್ಲ. ಬಾದಾಮಿ ಬಣ್ಣದ ಒಂದು ಚುಚ್ಚಲಿಲ್ಲ. ಅಂಗಡಿಯವರು "ಮಗೂಗಾ ಅಮ್ಮ?" ಎಂದು ಕೇಳಿದರು. ಹೌದೆಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು.

ಒಂದು ಸಾಲಿಗೆ ಎಪ್ಪತ್ತೆರಡು ಕುಣಿಕೆ. ಕಾಲೇಜಿನಿಂದ ಬಂದು, ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಬೆಳಕಿರುವ ತನಕ ಹೆಣೆಯುತ್ತಿದ್ದೆ. ಮನಸ್ಸಿನಲ್ಲಿ ಏನೂ ಇರುತ್ತಿರಲಿಲ್ಲ. ಅಮ್ಮನ ಬಗ್ಗೆ ಯೋಚಿಸುತ್ತಿದ್ದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ. ಎಪ್ಪತ್ತೊಂದು, ಎಪ್ಪತ್ತೆರಡು, ತಿರುಗಿಸು. ಹಿತ್ತಲ ಆಚೆಯ ಖಾಲಿ ಸೈಟಿನಲ್ಲಿ ಭೈರಸಂದ್ರದ ಎಮ್ಮೆಗಳು ಮೇಯುತ್ತಿದ್ದವು. ಅವು ಮನೆಗೆ ಹೊರಟರೆ ನಾನೂ ಎದ್ದು ಒಳಗೆ ಹೋಗುತ್ತಿದ್ದೆ.

ಅಮ್ಮನ ಅಳತೆ ತೆಗೆದುಕೊಳ್ಳಲಿಲ್ಲ. ಅವಳು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ನಾವಿಬ್ಬರೂ ಒಂದೇ ಎತ್ತರ. ನನ್ನ ಭುಜದಿಂದ ಸೊಂಟದ ಕೆಳಕ್ಕೆ ಮೂರು ಗೇಣು ಬಂತು, ಅಷ್ಟೇ ಉದ್ದ ಹಾಕಿದೆ. ಆಯತಕ್ಕೆ ಅದಕ್ಕಿಂತ ಹೆಚ್ಚು ಏನೂ ಬೇಕಿರಲಿಲ್ಲ.

ಮೂರನೆಯ ತುಂಡು ಮುಗಿದಾಗ ತಿಥಿಗೆ ಐದು ದಿನವಿತ್ತು. ಬೆನ್ನಿನ ತುಂಡಿನ ಮೇಲಿನ ಅಂಚಿಗೆ ಮುಂದಿನ ಎರಡನ್ನೂ ಭುಜದ ಹತ್ತಿರ ಮಾತ್ರ, ಒಂದೊಂದು ಕಡೆ ಆರು ಬೆರಳಿನಷ್ಟು ಕೂಡಿಸಿದೆ. ಪಕ್ಕಗಳನ್ನು ಕೂಡಿಸಲಿಲ್ಲ. ಕಂಕುಳ ಕೆಳಗೆ ಮತ್ತು ಸೊಂಟದಲ್ಲಿ ಕಟ್ಟಿಕೊಳ್ಳಲು ಉಲ್ಲನ್ನಿನದೇ ದಾರಗಳನ್ನು ಹೆಣೆದು ಬಿಟ್ಟೆ. ಹೀಗಾದ್ದರಿಂದ ಕೈ ಎತ್ತುವ ಕೆಲಸವಿರಲಿಲ್ಲ. ಭುಜದ ಮೇಲೆ ಹೊದ್ದು, ಪಕ್ಕದಲ್ಲಿ ದಾರ ಕಟ್ಟಿದರೆ ಆಯಿತು. ಗುಂಡಿ ಇಲ್ಲ, ಹುಕ್ಕಿಲ್ಲ, ತೋಳಿಲ್ಲ.

ಅಮ್ಮನ ಕೋಣೆಗೆ ತೆಗೆದುಕೊಂಡು ಹೋದೆ. ಇದು ಏನು ಎಂದು ಅವಳು ಕೇಳಲಿಲ್ಲ. ಮೆಟ್ಟಿಲ ಮೇಲೆ ಹೆಣೆಯುವುದನ್ನು ಕಿಟಕಿಯಿಂದ ನೋಡಿದ್ದಳೋ ಏನೋ. ಬಾಗಿಲು ಹಾಕು ಎಂದಳು. ಅಪ್ಪನ ಅಂಗಿ ತೆಗೆದು, ಬೆನ್ನು ಮಾಡಿ ನಿಂತಳು. ನಾನು ಹೊದಿಸಿದೆ. ಅವಳು ಎಡಗೈಯಿಂದ ದಾರ ಕಟ್ಟಲು ನೋಡಿದಳು, ಆಗಲಿಲ್ಲ, ನಾನು ಕಟ್ಟಿದೆ. ಮೇಲೆ ಸೆರಗು ಹೊದ್ದು ನನ್ನ ಕಡೆ ತಿರುಗಿದಳು.

"ತೂಕ ಇದೆ" ಎಂದಳು.

"ಚುಚ್ಚತ್ತಾ?"

"ಇಲ್ಲ." ಆಮೇಲೆ ಕೇಳಿದಳು, "ಎರಡೂ ಕಡೆ ಒಂದೇ ಥರ ಕಾಣತ್ತಾ? ನಿಜ ಹೇಳು."

ನಾನು ನೋಡಿದೆ. ಕಿಟಕಿಯ ಕಡೆಯಿಂದ ನೋಡಿದೆ, ಬಾಗಿಲ ಕಡೆಯಿಂದ ನೋಡಿದೆ. "ಒಂದೇ ಥರ ಅಲ್ಲ" ಎಂದೆ. "ಆದ್ರೆ ಗೊತ್ತಿಲ್ದೇ ಇರೋರಿಗೆ ಗೊತ್ತಾಗಲ್ಲ."

"ಗೊತ್ತಿರೋರು?"

"ಗೊತ್ತಿರೋರಿಗೆ ಹೇಗಿದ್ರೂ ಗೊತ್ತಲ್ಲಮ್ಮ."

ಅವಳು ತಲೆಯಾಡಿಸಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ತಾನಾಗಿಯೇ ಬಾಗಿಲು ತೆಗೆದು ಹೊರಗೆ ಬಂದು, ನಡುಮನೆಯಲ್ಲಿ ಕುಳಿತಿದ್ದ ಅಜ್ಜಿಯ ಮುಂದೆ ನಿಂತಳು.

"ಅತ್ತೆ, ಇದು ಹಾಕ್ಕೊಂಡು ಮಾಡ್ಬಹುದಾ?"

ಅಜ್ಜಿ ಕೈ ಚಾಚಿದಳು. ಕಣ್ಣು ಕಾಣದ ಮೇಲೆ ಅವಳು ಎಲ್ಲವನ್ನೂ ಬೆರಳಿನಿಂದಲೇ ನೋಡುತ್ತಿದ್ದಳು. ಕೆಳಗಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಬಂದಳು. "ಇದೇನೇ, ಬಸವನ ಮೇಲೆ ಹೊದಿಸೋ ಜೂಲಾ?" ಎಂದು ನನ್ನ ಕಡೆ ತಿರುಗಿ ಹೇಳಿದಳು. "ಉಣ್ಣೆ ಚೆನ್ನಾಗಿದೆ. ಕತ್ತರಿ ಹಾಕಿಲ್ಲ ತಾನೇ?"

"ಇಲ್ಲ ಅಜ್ಜಿ, ಮೂರೂ ಹಾಗ್ಹಾಗೇ ಹೆಣೆದಿದ್ದು."

ಅವಳ ಬೆರಳು ಭುಜಕ್ಕೆ ಬಂದು ನಿಂತಿತು. ಉಗುರಿನಿಂದ ಕೆರೆದು ನೋಡಿದಳು.

"ಇದು ನೂಲು."

ನಿಜ. ಮನೆಯಲ್ಲಿದ್ದ ಸೂಜಿಯ ಕಣ್ಣಿಗೆ ಉಲ್ಲನ್ ತೂರಿರಲಿಲ್ಲ. ಆದ್ದರಿಂದ ಭುಜಗಳನ್ನು ಹತ್ತಿಯ ದಾರದಲ್ಲಿ ಸೂಜಿಯಿಂದ ಹೊಲಿದಿದ್ದೆ. ಹತ್ತಿಯ ನೂಲಿಗೆ ಮೈಲಿಗೆ ಉಂಟು, ಹೊಲಿಗೆ ಮಡಿಗೆ ಆಗುವುದಿಲ್ಲ. ಅಷ್ಟು ದಿನ ಉಣ್ಣೆಯ ಬಗ್ಗೆ ಎಚ್ಚರವಾಗಿದ್ದವಳು ಆರು ಬೆರಳಿನ ಜಾಗದಲ್ಲಿ ಎರಡನ್ನೂ ತಂದಿಟ್ಟಿದ್ದೆ. ಹುಟ್ಟಿದಾಗಿನಿಂದ ಆ ಮಡಿಯ ನಡುವೆಯೇ ಬೆಳೆದವಳು ನಾನು. ಹೇಗೆ ಮರೆತೆ ಎಂದು ಇವತ್ತಿಗೂ ಹೇಳಲಾರೆ.

"ಹೊಲಿದಿದ್ದೀಯಲ್ಲೇ" ಎಂದಳು ಅಜ್ಜಿ.

ಅಮ್ಮ ಕೋಣೆಗೆ ವಾಪಸು ಹೋದಳು. ದಾರ ಬಿಚ್ಚಲು ನನ್ನನ್ನು ಕರೆಯಲಿಲ್ಲ. ನಾನು ಹೋದಾಗ ಅವಳೇ ಹೇಗೋ ಬಿಚ್ಚಿ, ಮೇಲಂಗಿಯನ್ನು ಮಡಿಸಿ ಮಂಚದ ತುದಿಯಲ್ಲಿ ಇಟ್ಟು, ಅಪ್ಪನ ಅಂಗಿಗೆ ಎಡಗೈ ತೂರಿಸುತ್ತಿದ್ದಳು.

ಅಂದು ಸಂಜೆ ಅಪ್ಪ ಅಡುಗೆಯಾಕೆಗೆ ತಿಥಿಯ ವಿಷಯ ಹೇಳಿದರು. ಆಕೆ ಒಪ್ಪಿದಳು.

ಮಾರನೆಯ ಬೆಳಿಗ್ಗೆ ನಾನು ನೂಲನ್ನು ಬಿಚ್ಚಿದೆ. ಮೂರು ಆಯತಗಳು ಮತ್ತೆ ಬೇರೆಯಾದವು. ಅವನ್ನು ಏನು ಮಾಡಬೇಕೆಂದು ತಿಳಿಯದೆ ನಡುಮನೆಯ ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದೆ. ಅಜ್ಜಿ ಪಕ್ಕದಲ್ಲಿ ದೇವರಿಗೆ ಮಲ್ಲಿಗೆ ಕಟ್ಟುತ್ತಿದ್ದಳು. ಅವಳಿಗೆ ಹೂ ಕಟ್ಟಲು ಕಣ್ಣು ಬೇಕಿರಲಿಲ್ಲ. ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎರಡು ಹೂ ಆ ಕಡೆ, ಎರಡು ಹೂ ಈ ಕಡೆ ಇಟ್ಟು, ನಾರನ್ನು ಬೆರಳಿಗೆ ಸುತ್ತಿ ಒಂದು ಕುಣಿಕೆ ಎಸೆದು ಎಳೆಯುತ್ತಿದ್ದಳು. ಒಂದು ಹೂವೂ ಜಾರುತ್ತಿರಲಿಲ್ಲ. ಒಂದು ಮೊಳ ಮುಗಿಸಿ ಬುಟ್ಟಿಯಲ್ಲಿ ಇಟ್ಟು, ನನ್ನ ಕಡೆ ಕೈ ಚಾಚಿದಳು.

"ಕೊಡು ಇಲ್ಲಿ."

"ಏನು ಅಜ್ಜಿ?"

"ಆ ಜೂಲು ಕೊಡೇ. ಉಣ್ಣೆ ಎಳೆ ಉಳಿದಿದೆಯಾ? ಒಂದು ಮಾರು ಕೊಡು."

ಅವಳು ಬೆನ್ನಿನ ತುಂಡಿನ ಅಂಚನ್ನೂ ಮುಂದಿನ ತುಂಡಿನ ಅಂಚನ್ನೂ ಒಟ್ಟಿಗೆ ಹಿಡಿದಳು. ಸಡಿಲವಾದ ಹೆಣಿಗೆಯಾದ್ದರಿಂದ ಕುಣಿಕೆಗಳ ನಡುವೆ ಬೆರಳ ತುದಿ ಹೋಗುತ್ತಿತ್ತು. ಉಲ್ಲನ್ನಿನ ಎಳೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಆ ಕಡೆಯ ಒಂದು ಕುಣಿಕೆ, ಈ ಕಡೆಯ ಒಂದು ಕುಣಿಕೆ ಹತ್ತಿರ ತಂದು, ಎಳೆಯನ್ನು ಅವುಗಳ ಒಳಗಿಂದ ತೂರಿಸಿ, ಹೂವಿಗೆ ಹಾಕುವ ಗಂಟನ್ನೇ ಹಾಕಿ ಎಳೆದಳು. ಆಮೇಲೆ ಪಕ್ಕದ ಜೊತೆ. ಸೂಜಿ ಇಲ್ಲ, ನೂಲಿಲ್ಲ.

"ಇದು ಹೊಲಿದಿದ್ದಲ್ವಾ ಅಜ್ಜಿ?" ಎಂದು ಕೇಳಿದೆ.

"ಇದು ಕಟ್ಟಿದ್ದು" ಎಂದಳು. "ಸೀರೆ ಸೆರಗಿಗೆ ಕುಚ್ಚು ಕಟ್ತಾರೆ, ಮೈಲಿಗೆ ಆಗತ್ತಾ? ಹೂ ಕಟ್ತೀವಿ, ದೇವ್ರು ಬೇಡ ಅಂತಾನಾ? ಕಾಲೇಜಿಗೆ ಹೋಗ್ತೀಯ, ಇಷ್ಟು ಗೊತ್ತಾಗಲ್ಲ."

ಎರಡು ಭುಜಕ್ಕೆ ಅರ್ಧ ಗಂಟೆಯಾಯಿತು. ಅಜ್ಜಿಯ ಗಂಟುಗಳು ಮಲ್ಲಿಗೆ ಮೊಗ್ಗಿನ ಹಾಗೆ ಉಬ್ಬಿ ಸಾಲಾಗಿ ಕಾಣುತ್ತಿದ್ದವು. ನನ್ನ ಹೊಲಿಗೆಗಿಂತ ಗಟ್ಟಿಯಾಗಿತ್ತು. ಅದನ್ನು ಅಮ್ಮನಿಗೆ ಕೊಟ್ಟದ್ದು ನಾನೇ. ಅಜ್ಜಿ ಚಾಪೆಯಿಂದ ಏಳಲಿಲ್ಲ. "ಕಟ್ಟಿದ್ದಂತೆ. ಆಗತ್ತಂತೆ" ಎಂದೆ. ಅಮ್ಮ ಗಂಟುಗಳ ಮೇಲೆ ಬೆರಳಾಡಿಸಿ, ಸರಿ ಎಂದಳು.

ತಿಥಿಯ ದಿನ ಬೆಳಿಗ್ಗೆ ಐದಕ್ಕೆ ಅಮ್ಮ ಸ್ನಾನ ಮಾಡಿ ಅಡುಗೆಮನೆಗೆ ಹೋದಳು. ಮಂಜು ಬಿದ್ದಿತ್ತು, ಚಳಿ ಬಹಳವಿತ್ತು. ನಾನು ಮಡಿಯಲ್ಲಿ ಇರಲಿಲ್ಲವಾದ್ದರಿಂದ ಹೊಸ್ತಿಲಿನ ಈಚೆ ಕುಳಿತೆ. ಒಳಗೆ ಮಣೆಯ ಮೇಲೆ ಅಜ್ಜಿ ಕುಳಿತು ಬೇಕಾದ್ದನ್ನು ಕೈಗೆ ಕೊಡುತ್ತಿದ್ದಳು. ಸೌದೆ ಒಲೆ ಹೊತ್ತಿಕೊಂಡಿತು. ಅಮ್ಮ ಒಲೆಯ ಮುಂದೆ ಬಗ್ಗಿದಾಗಲೆಲ್ಲ ಮೇಲಂಗಿಯ ಮುಂದಿನ ಎರಡು ತುದಿಗಳೂ ಸೆರಗಿನ ಕೆಳಗಿನಿಂದ ಜಾರಿ ಉರಿಯ ಕಡೆಗೆ ತೂಗುತ್ತಿದ್ದವು. ಇಳಿಬೀಳಲಿ ಎಂದೇ ಮಾಡಿದ್ದು, ಇಳಿಬೀಳುತ್ತಿತ್ತು. ಉಲ್ಲನ್ನಿಗೆ ಬೆಂಕಿ ತಗುಲಿದರೆ ಏನಾಗುತ್ತದೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

"ಅಮ್ಮ, ತುದಿ" ಎಂದೆ.

ಅವಳು ತುದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವು ಮತ್ತೆ ಹೊರಬಂದವು. ಆ ನಾಲ್ಕೈದು ಗಂಟೆ ನಾನು ಆ ಎರಡು ತುದಿಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅನ್ನದ ತಪ್ಪಲೆಯನ್ನು ಅವಳಿಂದ ಇಳಿಸಲು ಆಗಲಿಲ್ಲ. ಅಪ್ಪ ಒದ್ದೆ ಪಂಚೆಯಲ್ಲೇ ಬಂದು ಇಳಿಸಿಕೊಟ್ಟು ಹೋದರು. ವಡೆ ಕರಿಯುವಾಗ ಅವಳ ಕುತ್ತಿಗೆಯಿಂದ ಬೆವರು ಇಳಿದು ಉಲ್ಲನ್ ಒದ್ದೆಯಾಗಿ ಬಣ್ಣ ಗಾಢವಾಯಿತು.

ಮಧ್ಯಾಹ್ನ ಅವಳೇ ಬಡಿಸಿದಳು. ಅದಕ್ಕೆ ನಾನು ಹೆದರಿದ್ದೆ. ಆದರೆ ನೆಲದ ಮೇಲಿನ ಎಲೆಗೆ ಬಡಿಸಲು ಕೈ ಎತ್ತಬೇಕಾಗಿಲ್ಲ, ಇಳಿಸಿದರೆ ಸಾಕು. ಪಾತ್ರೆಯನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಪಂಕ್ತಿಯ ಉದ್ದಕ್ಕೂ ಹೋದಳು. ಬ್ರಾಹ್ಮಣರು ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಯಾರೂ ಅವಳತ್ತ ನೋಡಲಿಲ್ಲ. ನೋಡಿದ್ದರೂ ಅವರಿಗೆ ಕಾಣುತ್ತಿದ್ದದ್ದು ಚಳಿಗೆ ಏನೋ ಹೊದ್ದ ಒಬ್ಬ ಹೆಂಗಸು ಮಾತ್ರ.

ನಾವು ಹೆಂಗಸರು ಎಲೆಗೆ ಕುಳಿತಾಗ ಮೂರೂವರೆ ಗಂಟೆಯಾಗಿತ್ತು. ಅಜ್ಜಿ, ಅಮ್ಮ, ಸ್ವಲ್ಪ ಸರಿದು ನಾನು. ಅಮ್ಮ ಬಾಳೆಕಾಯಿ ಪಲ್ಯವನ್ನು ಬಾಯಿಗೆ ಹಾಕಿಕೊಂಡು ಅಗಿಯುವುದನ್ನು ನಿಲ್ಲಿಸಿದಳು.

"ಉಪ್ಪಿಲ್ಲ" ಎಂದಳು. ಆಮೇಲೆ ತೊವ್ವೆ ಕಲಸಿದ ಅನ್ನ. "ಇದಕ್ಕೂ ಇಲ್ಲ."

ತಿಥಿಯ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಉಂಡವರು ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳುವಂತಿಲ್ಲ. ಆದ್ದರಿಂದ ಬ್ರಾಹ್ಮಣರು ಉಪ್ಪಿಲ್ಲದ್ದನ್ನೇ ಉಂಡು, ತೃಪ್ತರಾದೆವು ಎಂದು ಹೇಳಿ, ಹೋಗಿದ್ದರು. ಅಪ್ಪನೂ ಉಂಡಿದ್ದರು. ಅಜ್ಜಿಗೆ ಒಳಗೆ ಕುಳಿತಿದ್ದರೂ ಕಂಡಿರಲಿಲ್ಲ. ಕಣ್ಣಿದ್ದ ನಾನು ಹೊಸ್ತಿಲಲ್ಲೇ ಇದ್ದೆ. ನಾನು ಉಣ್ಣೆಯನ್ನು ನೋಡುತ್ತಿದ್ದೆ, ಅಮ್ಮನ ಕೈಯನ್ನು ನೋಡಿರಲಿಲ್ಲ.

ಅಮ್ಮ ಎಲೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. "ನಾಳೆಯಿಂದ ಆಕೇನೇ ಬರ್ಲಿ ಅಂತೀರಾ ಅತ್ತೆ?"

ಅಜ್ಜಿ ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ತಿಥಿಯಿಂದ ಮುಂದೆ ಬರ್ಬೇಡ ಅಂತ ಆಕೆಗೆ ಮೊನ್ನೇನೇ ಹೇಳಾಯ್ತು" ಎಂದಳು. "ಬೇರೆ ಮನೆ ಹಿಡಿದ್ಲಂತೆ. ಈಗ ಯಾರು ಮಾಡ್ತಾರೆ, ನಾನಾ? ವಡೆ ಚೆನ್ನಾಗಾಗಿದೆ, ಇನ್ನೊಂದು ಹಾಕು."

ಅಮ್ಮ ಎದ್ದು ವಡೆಯ ಪಾತ್ರೆ ತಂದಳು. ಅಜ್ಜಿಗೆ ಒಂದು, ನನಗೆ ಒಂದು ಹಾಕಿ, ಮತ್ತೆ ಕುಳಿತು ಉಪ್ಪಿಲ್ಲದ ಪಲ್ಯವನ್ನು ತಿಂದು ಮುಗಿಸಿದಳು. ನನಗೆ ಆಗ ಸಂತೋಷವಾಯಿತೆಂದು ನೆನಪಿಲ್ಲ. ಅಮ್ಮನಿಗೂ ಆದಂತೆ ಕಾಣಲಿಲ್ಲ. ಅವಳು ಆಮೇಲೆ ಎಷ್ಟು ವರ್ಷ ಇದ್ದಳು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ದಿನ ಪಾತ್ರೆಗಳನ್ನೆಲ್ಲ ತೊಳೆಸಿದ ಮೇಲೆ ಅವಳು ಮತ್ತೆ ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯನ್ನು, ಒಗ್ಗರಣೆ ಸೌಟನ್ನು, ಕಾಫಿಪುಡಿಯ ಭರಣಿಯನ್ನು ಒಂದೊಂದಾಗಿ ಎತ್ತಿ ತಾನು ಮೊದಲು ಇಡುತ್ತಿದ್ದ ಜಾಗಗಳಲ್ಲಿ ಇಟ್ಟಳು. ಮೇಲಿನ ಹಲಗೆಗೆ ಕೈ ಎಟುಕಲಿಲ್ಲ. ಅಲ್ಲಿಡಬೇಕಾದ್ದನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟು, "ಇನ್ಮೇಲೆ ಇವು ಇಲ್ಲೇ" ಎಂದಳು.